ಬುತ್ತಿ ಕಟ್ಟಿಕೊಳ್ಳಿರಿ, ಸಣ್ಣ ಸ್ಟೇಶನ್ ನೋಡಿ ಬರೋಣ

ಜಗತ್ತಿನಲ್ಲೇ ಅತಿ ಉದ್ದದ ರೈಲು ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯಲ್ಲಿದೆ ಎಂಬುದು ನಿಮಗೆಲ್ಲ ಗೊತ್ತಿದ್ದ ಮಾತೇ. ಅದರ ಉದ್ದ 1,507 ಮೀಟರ್. ಆ ತುದಿಯಿಂದ ಈ ತುದಿಗೆ ನಡೆದರೆ ಮೊಣಕಾಲು ಹಿಡಿದುಕೊಂಡು ಕೂಡ್ರಬೇಕು! ಆದರೆ ಸೋದರಿಯರೇ, ನಾನು ಹೇಳಹೊರಟಿರುವುದು ಅಂಥ ದೊಡ್ಡ ಸ್ಟೇಶನ್ನಿನ ಮಾತಲ್ಲ. ಒಂದು ಟಿಕೇಟಿನ ಕಿಟಕಿ, ಎರಡು ಕಲ್ಲಿನ ಬೆಂಚು, ಒಂದು ಗಿಡದ ನೆರಳು, ದಿನಕ್ಕೆ ನಾಲ್ಕಾರು ಗಾಡಿ ನಿಲ್ಲುವಂಥ ನಮ್ಮ ಹಳ್ಳಿಗಾಡಿನ ಸಣ್ಣ ಸ್ಟೇಶನ್‌ಗಳ ಮಾತು.

"ಅಲ್ಲೇನು ನೋಡೋದೈತಿ?" ಎಂದು ನೀವು ಕೇಳಬಹುದು. ನಿಮ್ಮ ಪ್ರಶ್ನೆ ಸಹಜವೇ. ಏಕೆಂದರೆ ನಮ್ಮಂಥ ಗೃಹಿಣಿಯರಿಗೆ ಸ್ಟೇಶನ್ ಎಂದರೆ ಯಾರನ್ನೋ ಕಳಿಸಿ ಬರುವ ಜಾಗ, ಇಲ್ಲವೆ ಯಾರನ್ನೋ ಕರೆದುಕೊಂಡು ಬರುವ ಜಾಗ. ಮಗ ಕಾಲೇಜಿಗೆ ಹೊರಟ, ಡಬ್ಬಿ ಕಟ್ಟಿಕೊಟ್ಟೆವು. ಮಗಳು ಗಂಡನ ಮನೆಗೆ ಹೊರಟಳು, ಉಡಿ ತುಂಬಿ ಕಣ್ಣೊರೆಸಿಕೊಂಡೆವು. ಗಾಡಿ ಹೋದ ಮೇಲೆ ಸಂಜೆಯ ರೊಟ್ಟಿಗೆ ಹೊತ್ತಾಯಿತೆಂದು ತಿರುಗಿ ಮನೆಗೆ ಓಡಿ ಬಂದೆವು. ನಮಗಾಗಿ ಟಿಕೇಟು ತೆಗೆಸಿ, ಕಿಟಕಿಯ ಪಕ್ಕದಲ್ಲಿ ಕುಳಿತು, ಸುಮ್ಮನೆ ನೋಡುತ್ತಾ ಹೋದದ್ದು ಎಷ್ಟು ಸಲ? ಬೆರಳೆಣಿಸಿ ನೋಡಿರಿ.

ರೋಣ, ನರಗುಂದ, ಗಜೇಂದ್ರಗಡದ ಕಡೆಯ ನಮಗೆ ರೈಲು ಅಂಗಳದಲ್ಲಿಲ್ಲ. ನರಗುಂದಕ್ಕೂ ಗಜೇಂದ್ರಗಡಕ್ಕೂ ಇನ್ನೂ ಹಳಿ ಬಂದಿಲ್ಲ. ರೋಣದವರಿಗೆ ಮಲ್ಲಾಪುರ, ಹೊಳೆ ಆಲೂರು ಹತ್ತಿರದ ಸ್ಟೇಶನ್‌ಗಳು. ಅಂಗಳದಲ್ಲಿ ಇಲ್ಲದಿದ್ದರೇನಾಯಿತು, ಓಣಿಯ ಆಚೆಯಲ್ಲಿ ಇದೆಯಲ್ಲ! 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾದಾ ಬಸ್ಸುಗಳಲ್ಲಿ ನಮಗೆ ಟಿಕೇಟಿನ ಖರ್ಚಿಲ್ಲ. ಸ್ಟೇಶನ್ನಿನವರೆಗೆ ಬಸ್ಸು ಪುಕ್ಕಟೆ, ಮುಂದೆ ಪ್ಯಾಸೆಂಜರ್ ಗಾಡಿಗೆ ಕಡಿಮೆ ಎಂದರೆ 10 ರೂಪಾಯಿ. ಇಷ್ಟರಲ್ಲಿ ಒಂದು ದಿನದ ಪ್ರವಾಸ ಮುಗಿಯುತ್ತದೆ. ಬೆಳಿಗ್ಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.

ಹಳೆಯ ಹಳಿಯ ಕತೆ

ಮೊದಲು ಈ ಹಳಿ ಹೇಗೆ ಬಂತೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ನಮ್ಮ ನಾಡಿನಲ್ಲಿ ಭಯಂಕರ ಬರ ಬಿತ್ತು. ಬೇರೆ ಕಡೆ ಕಾಳು ಇದ್ದರೂ ಅದನ್ನು ಇಲ್ಲಿಗೆ ತಂದು ಮುಟ್ಟಿಸುವ ದಾರಿ ಇರಲಿಲ್ಲ. ಎತ್ತಿನ ಗಾಡಿ ಹೂಡೋಣವೆಂದರೆ ಎತ್ತುಗಳಿಗೂ ಮೇವಿಲ್ಲ, ನೀರಿಲ್ಲ. ಆ ಬರದ ನಂತರವೇ ಈ ಭಾಗಕ್ಕೆ ರೈಲು ಬೇಕೆಂಬ ಮಾತು ಬಲವಾಯಿತು. ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿಯು ಗದಗದಿಂದ ಸೊಲ್ಲಾಪುರದ ಹತ್ತಿರದ ಹೊಟಗಿಯವರೆಗೆ ಹಾಕಿದ ಹಳಿಯ ಮೇಲೆ 1884ರಲ್ಲಿ ಗಾಡಿ ಓಡಿತು. ಅದು ಮೀಟರ್ ಗೇಜ್, ಅಂದರೆ ಸಣ್ಣ ಹಳಿ. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಅದನ್ನು ಕಿತ್ತು ದೊಡ್ಡ ಹಳಿ ಹಾಕಿದರು. ಹಸಿದವರಿಗೆ ಕಾಳು ತರಲಿಕ್ಕೆಂದು ಹಾಕಿದ ಹಳಿ ಇದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡಿದರೆ, ಹೊಲದ ತೆನೆ ಬೇರೆಯದೇ ರೀತಿ ಕಾಣುತ್ತದೆ.

ಹೊಳೆ ಆಲೂರು

ಹಿಂಗಾರಿಯ ದಿನಗಳಲ್ಲಿ, ಅಂದರೆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ, ಗದಗದಿಂದ ಬಾಗಲಕೋಟೆಯ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿ ಏರಿರಿ. ಎರೆಹೊಲ ಎರಡೂ ಬದಿಗೆ ಕಪ್ಪು ಜಮಖಾನೆ ಹಾಸಿದಂತೆ ಕಾಣುತ್ತದೆ. ಒಂದು ಕಡೆ ಬಿಳಿಜೋಳ, ಒಂದು ಕಡೆ ಕಡಲೆ, ನಡುನಡುವೆ ಕುಸುಬಿಯ ಸಾಲು. ದಿನಾಲೂ ಹಂಚಿನ ಮುಂದೆ ಕುಳಿತು ತಟ್ಟುವ ರೊಟ್ಟಿ ನೆಲದ ಮೇಲೆ ನಿಂತು ಗಾಳಿಗೆ ತೂಗುವುದನ್ನು ನೋಡುವುದೇ ಒಂದು ಸೊಗಸು.

ಹೊಳೆ ಆಲೂರು ನಮ್ಮ ರೋಣ ತಾಲೂಕಿನದೇ ಸ್ಟೇಶನ್. ಊರು ಮಲಪ್ರಭೆಯ ದಂಡೆಯ ಮೇಲಿದೆ. ಸ್ಟೇಶನ್ ಬಿಟ್ಟು ಬಾದಾಮಿಯ ಕಡೆ ಮುಂದೆ ಹೋದರೆ ಗಾಡಿ ಹೊಳೆಯ ಸೇತುವೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ನೋಡಿದರೆ, ಇದೇನು ಹೊಳೆಯೋ ಹಳ್ಳವೋ ಎನ್ನಬೇಕು, ಅಷ್ಟು ಬಡಕಲು. ಆದರೆ ಇದೇ ಮಲಪ್ರಭೆ 2009ರಲ್ಲೂ 2019ರಲ್ಲೂ ಉಕ್ಕಿ ಬಂದು ಈ ದಂಡೆಯ ಊರುಗಳನ್ನು ಮುಳುಗಿಸಿದ್ದನ್ನು ನಮ್ಮ ಕಡೆಯ ಯಾವ ಹೆಣ್ಣುಮಗಳೂ ಮರೆತಿಲ್ಲ. ಹಗೇವಿನ ಜೋಳ, ಹಾಸಿಗೆ, ಮಕ್ಕಳ ಪುಸ್ತಕ, ಮಗಳ ಮದುವೆಗೆಂದು ಕೂಡಿಟ್ಟ ಪಾತ್ರೆಪಡಗ ಎಲ್ಲ ನೀರುಪಾಲಾದ ಮನೆಗಳು ಎಷ್ಟೋ. ಅದಾದ ಮೇಲೂ ಅದೇ ಹೊಳೆಯ ನೀರಿನಿಂದ ಹೊಲ ಹಸಿರಾಗಿ ನಿಂತಿವೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಆಣೆಕಟ್ಟಿನಲ್ಲಿ ನಿಂತು, ಇಲ್ಲಿ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆಯನ್ನು ಒಮ್ಮೆ ಸೇತುವೆಯ ಮೇಲಿಂದ ನೋಡಬೇಕು. ಮಕ್ಕಳನ್ನು ಕರೆದುಕೊಂಡು ಹೋದರೆ ಭೂಗೋಳದ ಪಾಠವೂ ಆದೀತು.

ಬಾದಾಮಿ ಮತ್ತು ಬನಶಂಕರಿ

ಹೊಳೆ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ. ಕುಂಕುಮದ ಬಣ್ಣದ ಕಲ್ಲುಗುಡ್ಡಗಳು ಒಂದರ ಹಿಂದೊಂದು ಏಳುತ್ತವೆ. ಚಾಲುಕ್ಯರ ರಾಜಧಾನಿ ಬಾದಾಮಿ ಬಂತೆಂದು ತಿಳಿಯಿರಿ. ಸ್ಟೇಶನ್ ಊರಿನಿಂದ ಸುಮಾರು 5 ಕಿಲೋಮೀಟರ್ ದೂರವಿದೆ. ಟಾಂಗಾದ ಕಾಲ ಹೋಯಿತು, ಈಗ ಆಟೋಗಳಿವೆ. ಏರುವ ಮೊದಲೇ ಬಾಡಿಗೆ ಮಾತಾಡಿಕೊಳ್ಳುವುದು ಒಳ್ಳೆಯದು.

ಗುಹೆಗಳನ್ನೂ ಅಗಸ್ತ್ಯ ತೀರ್ಥವನ್ನೂ ಶಾಲೆಯ ಪ್ರವಾಸದಲ್ಲಿ ನೋಡಿಯೇ ಇರುತ್ತೀರಿ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲೂ ಇಲ್ಲಿಂದ ದೂರವಿಲ್ಲ. ಆದರೆ ನಾನು ಹೇಳುವುದು ಬನಶಂಕರಿಯ ಊಟದ ಮಾತು. ಗುಡಿಯ ಹತ್ತಿರ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಕೆಂಪು ಖಾರ, ಗಡಿಗೆಯ ಮೊಸರು ಹೊತ್ತು ತಂದು, "ಬರ್ರಿ ಅಕ್ಕಾರ, ಊಟ ಮಾಡ್ರಿ" ಎಂದು ಕರೆಯುತ್ತಾರೆ. ಗಿಡದ ನೆರಳಿನಲ್ಲಿ ಕುಳಿತರೆ ಕೇಳಿ ಕೇಳಿ ಬಡಿಸುತ್ತಾರೆ. ವರ್ಷವಿಡೀ ಬೇರೆಯವರಿಗೆ ಬಡಿಸುವ ನಮಗೆ ಇನ್ನೊಬ್ಬ ಹೆಣ್ಣುಮಗಳು ಬಡಿಸಿ, "ಇನ್ನೊಂದು ರೊಟ್ಟಿ ಹಾಕ್ಲೇನು?" ಎಂದು ಕೇಳಿದರೆ ಆಗುವ ಸಮಾಧಾನವನ್ನು ಬರೆದು ತಿಳಿಸಲಿಕ್ಕಾಗದು. ಅವರ ಹತ್ತಿರ ಚೌಕಾಶಿ ಮಾಡಬೇಡಿರಿ. ನಸುಕಿನಲ್ಲೆದ್ದು ಅಷ್ಟು ರೊಟ್ಟಿ ಬಡಿಯುವ ಕಷ್ಟ ನಮಗಿಂತ ಹೆಚ್ಚು ಯಾರಿಗೆ ಗೊತ್ತು?

ಪುಷ್ಯ ಮಾಸದ ಬನದ ಹುಣ್ಣಿಮೆಯ ಸುಮಾರಿಗೆ ಇಲ್ಲಿ ದೊಡ್ಡ ಜಾತ್ರೆ. ನಾಟಕ ಕಂಪನಿಗಳು ಡೇರೆ ಹಾಕುತ್ತವೆ. ಆಗ ಗಾಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಮಾಧಾನದಿಂದ ನೋಡಬೇಕೆನ್ನುವವರು ಜಾತ್ರೆ ಮುಗಿದ ಮೇಲೆ ಹೋಗುವುದು ಲೇಸು.

ಬಾದಾಮಿಯ ಮುಂದಿನದು ಗುಳೇದಗುಡ್ಡ ರೋಡ್. ಹೆಸರೇ ಹೇಳುವಂತೆ ಊರು ಬೇರೆ, ಸ್ಟೇಶನ್ ಬೇರೆ. ಇಳಕಲ್ ಸೀರೆಯ ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ ತೊಡದ ಹೆಣ್ಣುಮಗಳು ನಮ್ಮ ಕಡೆ ಇರಲಿಕ್ಕಿಲ್ಲ. ಆ ಖಣ ನೇಯುವ ಊರಿನ ಗುಡ್ಡಗಳನ್ನು ಗಾಡಿಯಿಂದಲೇ ನೋಡಿ ಕಣ್ಣು ತುಂಬಿಸಿಕೊಳ್ಳಬಹುದು.

ಆಲಮಟ್ಟಿ

ಬಾಗಲಕೋಟೆ ಬಿಟ್ಟು ಮುಂದೆ ಹೋದರೆ ಗಾಡಿ ಕೃಷ್ಣಾ ನದಿಯನ್ನು ದಾಟಿ ಆಲಮಟ್ಟಿ ಸೇರುತ್ತದೆ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಣೆಕಟ್ಟು ಇಲ್ಲಿದೆ. ಅವರ ಹೆಸರಿನಲ್ಲೇ ಜಲಾಶಯವನ್ನು ಕರೆಯುತ್ತಾರೆ. ಕೃಷ್ಣಾ ಉದ್ಯಾನ, ಕಲ್ಲಿನ ಉದ್ಯಾನ, ಸಂಜೆಯ ಸಂಗೀತ ಕಾರಂಜಿ, ಹೀಗೆ ಮಕ್ಕಳಿಗೆ ನೋಡಲು ಬೇಕಾದಷ್ಟಿದೆ. ಶ್ರಾವಣದ ಸುಮಾರಿಗೆ ನೀರು ತುಂಬಿದಾಗ ಬಂದರೆ ಇನ್ನೂ ಚೆನ್ನ. ಇದೇ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿ, ಸಾವಿರಾರು ಕುಟುಂಬಗಳು ನವನಗರಕ್ಕೆ ಬಂದು ಹೊಸದಾಗಿ ಒಲೆ ಹೂಡಬೇಕಾಯಿತು. ನೀರು ನೋಡಿ ಹಿಗ್ಗುವಾಗ ಆ ಅಕ್ಕತಂಗಿಯರನ್ನೂ ನೆನೆಯೋಣ.

ನಮ್ಮ ಅತ್ತೆಯವರ ಒಂದು ಮಾತನ್ನು ಇಲ್ಲಿ ಹೇಳಬೇಕು. ಅವರು ಲಗ್ನವಾಗಿ ಬಂದಾಗಿನಿಂದ ಹೊಲದಲ್ಲಿ ಕಸ ತೆಗೆಯುತ್ತಾ ಗಾಡಿಯ ಸಿಳ್ಳು ಕೇಳಿಯೇ ಹೊತ್ತು ಅಳೆದವರು. ಮೈದುನಂದಿರು ಓದಲಿಕ್ಕೆ ಹೋದರು, ನಾದಿನಿಯರು ಗಂಡನ ಮನೆಗೆ ಹೋದರು, ಮಕ್ಕಳು ನೌಕರಿಗೆ ಹೋದರು. ಎಲ್ಲರಿಗೂ ಬುತ್ತಿ ಕಟ್ಟಿದವರು ಇವರೇ. ಒಂದು ದಿನ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಾ ಅವರೆಂದರು, "ಎಲ್ಲಾರನ್ನೂ ಗಾಡಿ ಹತ್ತಿಸಿ ಬಂದೇನಿ ತಂಗಿ, ನಾ ಒಂದ್ ಸಲನೂ ಹತ್ತಿಲ್ಲ ನೋಡು." ಆಗ ಅವರಿಗೆ ಅರವತ್ತು ದಾಟಿತ್ತು. ನಾನೂ ನನ್ನ ನೆಗೆಣ್ಣಿಯೂ ಕೂಡಿ ಅವರನ್ನು ಆಲಮಟ್ಟಿಗೆ ಕರೆದುಕೊಂಡು ಹೋದೆವು. ಕೃಷ್ಣೆಯ ಸೇತುವೆ ಬಂದಾಗ ಅವರು ಸೆರಗಿನ ತುದಿಯ ಗಂಟು ಬಿಚ್ಚಿ, ಒಂದು ರೂಪಾಯಿಯನ್ನು ಹಣೆಗೆ ಮುಟ್ಟಿಸಿ ಕಿಟಕಿಯಿಂದ ಹೊಳೆಗೆ ಹಾಕಿದರು. "ಏನು ಬೇಡಿಕೊಂಡಿರಿ ಅತ್ತಿ?" ಎಂದು ನೆಗೆಣ್ಣಿ ಕೇಳಿದಳು. "ಏನೂ ಇಲ್ಲವಾ. ನಾನೂ ಬಂದೇನಿ ಅಂತ ಹೇಳಿದೆ" ಎಂದರು.

ಆಮೇಲೆ ಅವರು ಇದ್ದದ್ದು ಮೂರೇ ವರ್ಷ. ನಿಮ್ಮ ಮನೆಯಲ್ಲೂ ಇಂಥ ಹಿರಿಯಳೊಬ್ಬಳು ಇರಬಹುದು. ಮುಂದಿನ ವರ್ಷ ನೋಡೋಣ ಎನ್ನಬೇಡಿರಿ. ಮೊಣಕಾಲು ಗಟ್ಟಿಯಿದ್ದಾಗಲೇ ಕರೆದುಕೊಂಡು ಹೋಗಿರಿ.

ನಿಂಬಾಳ

ವಿಜಯಪುರ ದಾಟಿ ಹೊಟಗಿಯ ಕಡೆ ಹೋಗುವಾಗ ಇಂಡಿ ತಾಲೂಕಿನಲ್ಲಿ ನಿಂಬಾಳ ಎಂಬ ಪುಟ್ಟ ಸ್ಟೇಶನ್ ಸಿಗುತ್ತದೆ. ಬೆಟ್ಟವಿಲ್ಲ, ಜಲಪಾತವಿಲ್ಲ, ಸುತ್ತಲೂ ಬಯಲು. ಆದರೂ ದೂರದೂರದಿಂದ ಜನ ಇಲ್ಲಿಗೆ ಬಂದು ಇಳಿಯುತ್ತಾರೆ. ಗುರುದೇವ ರಾನಡೆಯವರ ಆಶ್ರಮ ಸ್ಟೇಶನ್ನಿನ ಸಮೀಪದಲ್ಲೇ ಇದೆ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ರಾನಡೆಯವರು ತತ್ತ್ವಜ್ಞಾನದ ದೊಡ್ಡ ವಿದ್ವಾಂಸರು, ಅಲಹಾಬಾದ್ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದವರು. ಅಷ್ಟು ದೊಡ್ಡ ಪದವಿಯಲ್ಲಿದ್ದವರು ಸಾಧನೆಗೆ ಆರಿಸಿಕೊಂಡದ್ದು ಈ ಬಯಲನ್ನು. 1957ರಲ್ಲಿ ಇಲ್ಲೇ ದೇಹ ಬಿಟ್ಟರು. ಮನೆಯ ಗದ್ದಲದಲ್ಲಿ ತಲೆ ಕಾಯ್ದಾಗ ಅರ್ಧ ದಿನ ಸುಮ್ಮನೆ ಕುಳಿತು ಬರಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಎಲ್ಲ ಗಾಡಿಗಳೂ ಇಲ್ಲಿ ನಿಲ್ಲುವುದಿಲ್ಲ, ವಿಚಾರಿಸಿಯೇ ಹೊರಡಬೇಕು.

ಗಜೇಂದ್ರಗಡದವರಿಗೆ ಹೊಸ ದಾರಿ

ಇಷ್ಟು ದಿನ ಗಜೇಂದ್ರಗಡದ ಸೋದರಿಯರು, "ನಮಗೆಲ್ಲಿ ರೈಲು?" ಎನ್ನುತ್ತಿದ್ದರು. ಅವರಿಗೂ ಸ್ವಲ್ಪ ಹತ್ತಿರ ಬಂದಿದೆ. ಗದಗ–ವಾಡಿ ಹೊಸ ಮಾರ್ಗದಲ್ಲಿ ತಳಕಲ್ಲಿನಿಂದ ಕುಷ್ಟಗಿಯವರೆಗೆ ಹಳಿ ಮುಗಿದು, 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿ–ಕುಷ್ಟಗಿ ಗಾಡಿ ಶುರುವಾಯಿತು. ಕುಕನೂರು, ಯಲಬುರ್ಗಾ, ಕುಷ್ಟಗಿ ಎಂಬ ಹೆಸರುಗಳು ಟಿಕೇಟಿನ ಮೇಲೆ ಬಂದವು.

ಕುಕನೂರಿನಲ್ಲಿ ಇಳಿದರೆ ಮಹಾಮಾಯೆಯ ಗುಡಿ, ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳು ಇವೆ. ಅಲ್ಲಿಂದ ಇಟಗಿ ಸಮೀಪ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯವನ್ನು ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಕಲ್ಲಿನಲ್ಲಿ ಕೆತ್ತಿದ ಆ ಸಣ್ಣ ಸಣ್ಣ ಎಳೆಗಳನ್ನು ನೋಡಿದರೆ, ಕಸೂತಿ ಹಾಕುವ ನಮ್ಮ ಕೈಗಳಿಗೆ ನಾಚಿಕೆಯಾಗಬೇಕು. ಕೊಪ್ಪಳದ ದಾರಿಯಲ್ಲಿ ಹೋಗುವವರು ಬನ್ನಿಕೊಪ್ಪದಲ್ಲಿ ಇಳಿದೂ ಇಟಗಿಗೆ ಹೋಗಬಹುದು.

ಅದೇ ದಾರಿಯಲ್ಲಿ ಇನ್ನೂ ಮುಂದೆ ಮುನಿರಾಬಾದ್. ಹುಲಿಗೆಮ್ಮನ ಗುಡಿ ಹತ್ತಿರದಲ್ಲೇ ಇದೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಲ್ಲಿ ಬಹಳ ಗದ್ದಲ. ಹೊಸಪೇಟೆಗೆ ಹೋಗುವಾಗ ಗಾಡಿ ತುಂಗಭದ್ರೆಯನ್ನು ದಾಟುವುದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿರಿ.

ಮಳೆಗಾಲಕ್ಕೆ ಕ್ಯಾಸಲ್‌ರಾಕ್

ಬಯಲುಸೀಮೆಯ ನಮಗೆ ಕಾಡು, ಮಂಜು ಎಂದರೆ ಸಿನಿಮಾದಲ್ಲಿ ಕಂಡದ್ದೇ ಹೆಚ್ಚು. ಹುಬ್ಬಳ್ಳಿಯಿಂದ ಗೋವಾದ ವಾಸ್ಕೋ ಕಡೆಗೆ ಹೋಗುವ ಗಾಡಿ ಹತ್ತಿದರೆ, ಲೋಂಡಾ ದಾಟಿದ ಮೇಲೆ ಕ್ಯಾಸಲ್‌ರಾಕ್ ಬರುತ್ತದೆ. ಉತ್ತರ ಕನ್ನಡದ ಜೋಯಿಡಾ ತಾಲೂಕಿನ ಕಾಡಿನ ನಡುವಿನ ಸ್ಟೇಶನ್. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯಾಗುವವರೆಗೂ ಆಚೆ ಪೋರ್ಚುಗೀಜರ ರಾಜ್ಯ, ಈಚೆ ನಮ್ಮದು. ಇದೇ ಗಡಿಯ ಸ್ಟೇಶನ್. ಸಾಮಾನು ತಪಾಸಣೆಯೂ ಇಲ್ಲೇ ಆಗುತ್ತಿತ್ತು. ಈಗ ಮಳೆ, ಮಂಜು, ಹಸಿರು ಬಿಟ್ಟರೆ ಬೇರೆ ಯಾರೂ ತಡೆಯುವುದಿಲ್ಲ.

ಇಲ್ಲಿಂದ ಗಾಡಿ ಘಟ್ಟ ಇಳಿಯುತ್ತಾ ದೂಧಸಾಗರ ಜಲಪಾತದ ಎದುರಿಗೇ ಹಾಯುತ್ತದೆ. 300 ಮೀಟರಿಗೂ ಎತ್ತರದಿಂದ ಹಾಲು ಸುರಿದಂತೆ ನೀರು ಬೀಳುತ್ತದೆ. ಗಾಡಿಯಲ್ಲಿ ಕುಳಿತೇ ನೋಡಿರಿ. ಅಲ್ಲಿ ಇಳಿಯುವುದಕ್ಕೂ ಹಳಿಯ ಮೇಲೆ ನಡೆಯುವುದಕ್ಕೂ ರೈಲ್ವೆಯವರ ನಿರ್ಬಂಧವಿದೆ. ಹುಡುಗರು ಫೋಟೋದ ಹುಚ್ಚಿಗೆ ಬಾಗಿಲಲ್ಲಿ ಜೋತುಬಿದ್ದರೆ ಕಿವಿ ಹಿಡಿದು ಒಳಗೆ ಕೂಡ್ರಿಸಿರಿ. ಕ್ಯಾಸಲ್‌ರಾಕ್‌ನಲ್ಲಿ ಇಳಿಯುವವರು ಮಳೆಗಾಲದ ಜಿಗಣೆಗಳಿಗಾಗಿ ಚೂರು ಉಪ್ಪನ್ನು ಚೀಲದಲ್ಲಿಟ್ಟುಕೊಂಡಿರಬೇಕು.

ಜೋಗ ನೋಡಲು ಹೋಗುವವರಿಗೂ ಒಂದು ಮಾತು. ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ ಅರಸಾಳು ಎಂಬ ಸ್ಟೇಶನ್ ಇದೆ. ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿಯ ಸ್ಟೇಶನ್ ಆಗಿ ಕಾಣಿಸಿಕೊಂಡದ್ದು ಇದೇ. ಹಳೆಯ ಕಟ್ಟಡವನ್ನು ಕೆಡವದೆ ದುರಸ್ತಿ ಮಾಡಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ.

ಪ್ರವಾಸದ ಬುತ್ತಿ: ಝುಣಕದ ವಡಿ

ಸಣ್ಣ ಸ್ಟೇಶನ್‌ಗಳಲ್ಲಿ ತಿನ್ನಲು ಸಿಕ್ಕೇ ಸಿಗುತ್ತದೆಂದು ನಂಬಿ ಹೋಗಬಾರದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಝುಣಕದ ವಡಿ ಇದ್ದರೆ ಸಂಜೆಯವರೆಗೆ ಚಿಂತೆಯಿಲ್ಲ.

ಬೇಕಾಗುವ ಸಾಮಾನು: ಕಡಲೆಹಿಟ್ಟು 1 ಬಟ್ಟಲು, ನೀರು ಒಂದೂವರೆ ಬಟ್ಟಲು, ಹಸಿಮೆಣಸಿನಕಾಯಿ 4, ಬೆಳ್ಳುಳ್ಳಿ 6 ಎಸಳು, ಜೀರಿಗೆ, ಸಾಸಿವೆ, ಅರಿಷಿಣ, ಕರಿಬೇವು, ಕೊತ್ತಂಬರಿ, ಒಣಕೊಬ್ಬರಿ ತುರಿ, ಎಣ್ಣೆ 3 ಚಮಚ, ರುಚಿಗೆ ಉಪ್ಪು.

ಮಾಡುವ ರೀತಿ: ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಕುಟ್ಟಿಕೊಳ್ಳಿರಿ. ಕಡಲೆಹಿಟ್ಟನ್ನು ಅರ್ಧ ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕಲಸಿಡಿರಿ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು, ಕುಟ್ಟಿದ ಖಾರ, ಅರಿಷಿಣ ಹಾಕಿ ಬಾಡಿಸಿರಿ. ಉಳಿದ ನೀರು, ಉಪ್ಪು ಹಾಕಿ ಕುದಿಸಿರಿ. ಉರಿ ಸಣ್ಣ ಮಾಡಿ, ಕಲಸಿದ ಹಿಟ್ಟು ಸುರಿಯುತ್ತಾ ಕೈ ಬಿಡದೆ ತಿರುವಿರಿ. ಗಟ್ಟಿಯಾದ ಮೇಲೆ ಮುಚ್ಚಿ 5 ನಿಮಿಷ ಬೇಯಿಸಿರಿ. ಎಣ್ಣೆ ಸವರಿದ ತಾಟಿನಲ್ಲಿ ಹರವಿ, ಕೊಬ್ಬರಿ, ಕೊತ್ತಂಬರಿ ಉದುರಿಸಿ, ಆರಿದ ಮೇಲೆ ವಡಿ ಕೊಯ್ಯಿರಿ. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಬೆವರಿ ಕೆಡುತ್ತದೆ.

ಹೊರಡುವ ಮುನ್ನ

ತಿರುಗಿ ಬರುವ ಗಾಡಿಯ ಹೊತ್ತನ್ನು ಮೊದಲು ಗೊತ್ತುಮಾಡಿಕೊಳ್ಳಿರಿ, ಹೋಗುವ ಗಾಡಿಯದು ಆಮೇಲೆ. ವೇಳಾಪಟ್ಟಿ ಆಗಾಗ ಬದಲಾಗುತ್ತದೆ. 139ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ದಾರಿಯಲ್ಲಿ ತೊಂದರೆಯಾದರೂ ಅದೇ ನಂಬರು. ಬಸ್ಸಿಗಾಗಿ ಆಧಾರ್ ಕಾರ್ಡ್ ಮರೆಯಬೇಡಿರಿ. 5 ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೇಟು ಬೇಕಿಲ್ಲ. ಸಣ್ಣ ಸ್ಟೇಶನ್‌ಗಳಲ್ಲಿ ಹೆಂಗಸರ ಶೌಚಾಲಯಕ್ಕೆ ಕೀಲಿ ಹಾಕಿರುವುದುಂಟು. ಸಂಕೋಚ ಬಿಟ್ಟು ಸ್ಟೇಶನ್ ಮಾಸ್ತರರನ್ನು ಕೇಳಿರಿ. ಇಬ್ಬರು ಮೂವರು ಕೂಡಿ ಹೋದರೆ ಧೈರ್ಯವೂ ಇರುತ್ತದೆ, ಮಾತಿಗೂ ಜೊತೆಯಾಗುತ್ತದೆ.

ಕೊನೆಯದಾಗಿ ಒಂದು ಮಾತು. ಕೊರೋನಾ ಕಾಲದಲ್ಲಿ, 2020ರಲ್ಲಿ, ಪ್ಯಾಸೆಂಜರ್ ಗಾಡಿಗಳು ನಿಂತವು. ಮತ್ತೆ ಓಡತೊಡಗಿದಾಗ ಕನಿಷ್ಠ ದರ 10 ರೂಪಾಯಿ ಇದ್ದದ್ದು 30 ಆಗಿತ್ತು. 2024ರ ಫೆಬ್ರುವರಿಯಲ್ಲಿ ಅದು ತಿರುಗಿ 10ಕ್ಕೆ ಇಳಿಯಿತು. ಒಂದು ಸ್ಟೇಶನ್ನಿನಲ್ಲಿ ಗಾಡಿ ನಿಲ್ಲಿಸಬೇಕೋ ಬೇಡವೋ ಎಂದು ಯೋಚಿಸುವಾಗ ರೈಲ್ವೆಯವರು ಅಲ್ಲಿ ಎಷ್ಟು ಟಿಕೇಟು ಹೋಗುತ್ತವೆಂದು ಲೆಕ್ಕ ನೋಡುತ್ತಾರೆ. ಬಸ್ಸು ಪುಕ್ಕಟೆಯಿದೆಯೆಂದು ನಾವ್ಯಾರೂ ಆ ಕಿಟಕಿಯ ಕಡೆ ಹೋಗದಿದ್ದರೆ, ಇಂಥ ಸಣ್ಣ ಸ್ಟೇಶನ್ನಿನಲ್ಲಿ ಗಾಡಿ ಯಾರಿಗಾಗಿ ನಿಲ್ಲಬೇಕು? ನೀವು ಕೊಡುವ ಹತ್ತು ರೂಪಾಯಿ ಆ ಲೆಕ್ಕದಲ್ಲಿ ಒಂದು ಅಂಕಿ. ನಾಳೆ ಆಸ್ಪತ್ರೆಗೆ ಹೋಗುವ ಬಸುರಿಗೆ, ಕಾಲೇಜಿಗೆ ಹೋಗುವ ಹುಡುಗಿಗೆ, ಸಂತೆಗೆ ಹೋಗುವ ಮುದುಕಿಗೆ ಆ ಗಾಡಿ ಬೇಕಾಗುತ್ತದೆ.

"ಒಂದು ದಿನ ನೀವಿಲ್ಲದಿದ್ದರೆ ಮನೆ ನಡೆಯೋದು ಹೆಂಗ?" ಎಂದು ಮನೆಯವರು ಕೇಳಿಯಾರು. ಅನ್ನ ಮಾಡಿಟ್ಟು, ಸಾರು ಮುಚ್ಚಿಟ್ಟು, ನಗುತ್ತಲೇ ಹೊರಡಿರಿ. ಒಂದು ದಿನ ನಡೆದೀತು. ತಿರುಗಿ ಬಂದ ಮೇಲೆ ನಿಮ್ಮೂರಿನ ಹತ್ತಿರದ ಯಾವ ಸ್ಟೇಶನ್ ಚೆಂದವೆಂದು ಒಂದು ಕಾರ್ಡು ಬರೆದು ಪತ್ರಿಕೆಗೆ ತಿಳಿಸಿದರೆ, ಉಳಿದ ಸೋದರಿಯರಿಗೂ ಉಪಯೋಗವಾದೀತು.